ಯಾರೂ ಮುಟ್ಟದೆ ತಿರುಗಿದ ಸ್ಟೀರಿಂಗ್

ಕಾರಿನ ಮುಂದಿನ ಎರಡೂ ಗಾಲಿಗಳು ನೆಲದಿಂದ ಒಂದು ಗೇಣು ಮೇಲಿದ್ದವು. ಚಾಸಿಯ ಎರಡೂ ಬದಿಗೆ ಕಬ್ಬಿಣದ ಸ್ಟ್ಯಾಂಡು ಕೊಟ್ಟು ನಿಲ್ಲಿಸಿದ್ದೆ. ಒಳಗೆ ಯಾರೂ ಕೂತಿರಲಿಲ್ಲ. ಬಾಗಿಲಿನಿಂದ ಕೈ ಚಾಚಿ ಕೀಲಿ ತಿರುಗಿಸಿದೆ. ಎಂಜಿನ್ ಹತ್ತಿಕೊಂಡ ಮರುಕ್ಷಣ ಸ್ಟೀರಿಂಗ್ ತಾನಾಗಿಯೇ ಎಡಕ್ಕೆ ಹೊರಳತೊಡಗಿತು. ಅವಸರವಿಲ್ಲದೆ, ಗಾಣದ ಎತ್ತು ಸುತ್ತುವ ಹಾಗೆ ತಿರುಗುತ್ತಾ ಹೋಗಿ ಕೊನೆ ಮುಟ್ಟಿ ನಿಂತಿತು. ಅಲ್ಲಿಂದ ಪಂಪು ನರಳಲು ಶುರು ಮಾಡಿತು. ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಮಾವ ಎದ್ದು ಬಂದರು. “ಆಫ್ ಮಾಡಿ ಅಳಿಯಂದ್ರೇ, ಮೊದಲು ಆಫ್ ಮಾಡಿ” ಅಂದರು.

ಷಿಕಾಗೋದ ಪಶ್ಚಿಮಕ್ಕೆ, ಡ್ಯುಪೇಜ್ ಕೌಂಟಿಯ ಗ್ಲೆಂಡೇಲ್ ಹೈಟ್ಸ್‌ನಲ್ಲಿ ನಮ್ಮ ಮನೆ. ಮಾವ ದಾವಣಗೆರೆಯವರು, ಕೆಎಸ್‌ಆರ್‌ಟಿಸಿ ಡಿಪೊದಲ್ಲಿ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತರಾದವರು. ಬೇಸಿಗೆ ಕಳೆಯಲು ಮಗಳ ಮನೆಗೆ ಬಂದಿದ್ದರು. ಕಾರು 1974ರ ಷೆವ್ರೊಲೆ ಕಾರ್ವೆಟ್. ಎಂಟು ಸಿಲಿಂಡರಿನ ಎಂಜಿನ್, ಫೈಬರ್‌ಗ್ಲಾಸಿನ ಮೈ, ಎರಡೇ ಸೀಟು. ಇಲಿನಾಯ್ ರಾಜ್ಯದಲ್ಲಿ 25 ವರ್ಷ ದಾಟಿದ ಗಾಡಿಗೆ ಆಂಟೀಕ್ ನಂಬರ್ ಪ್ಲೇಟು ಕೊಡುತ್ತಾರೆ; ನನ್ನದಕ್ಕೂ ಅದೇ ಇದೆ.

ಈ ಕಾರಿನ ಪವರ್ ಸ್ಟೀರಿಂಗ್ ಕೈಕೊಟ್ಟಾಗ ಬಹಳ ಜನ ಮೊದಲು ಪಂಪನ್ನು ಬದಲಿಸುತ್ತಾರೆ. ಬಾನೆಟ್ ಎತ್ತಿದರೆ ಕಣ್ಣಿಗೆ ಬೀಳುವುದು ಅದೇ, ಸದ್ದು ಮಾಡುವುದೂ ಅದೇ. ನಾನೂ ಬದಲಿಸಿದೆ. ತೊಂದರೆ ಇದ್ದಲ್ಲೇ ಇತ್ತು. ಈ ಕಾರಿನ ಸ್ಟೀರಿಂಗ್ ಹೇಗೆ ಕಟ್ಟಿದ್ದಾರೆ ಎಂದು ಅರ್ಥ ಮಾಡಿಕೊಳ್ಳುವ ಮೊದಲು ಸ್ಪ್ಯಾನರ್ ಹಿಡಿದಿದ್ದು ನನ್ನ ತಪ್ಪು. ಅದು ಅರ್ಥವಾದ ಮೇಲೆ ಇಡೀ ಕೆಲಸ ಎಷ್ಟು ಸಲೀಸಾಯಿತು ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಏರು ಹತ್ತುವ ಎತ್ತಿನ ಗಾಡಿಯನ್ನು ನೆನಪಿಸಿಕೊಳ್ಳಿ. ಎಳೆಯುವುದು ಎತ್ತು. ಹಿಂದಿನಿಂದ ಒಬ್ಬಾತ ಹೆಗಲು ಕೊಡುತ್ತಾನೆ. ಅವನಿಲ್ಲದಿದ್ದರೂ ಗಾಡಿ ಏದುಸಿರು ಬಿಡುತ್ತಾ ಹತ್ತಿಯೇ ಹತ್ತುತ್ತದೆ. 1963ರಿಂದ 1982ರವರೆಗಿನ ಕಾರ್ವೆಟ್‌ಗಳ ಪವರ್ ಸ್ಟೀರಿಂಗ್ ಆ ಹೆಗಲು ಕೊಡುವವನ ಹಾಗೆ. ಅದರ ಕೆಳಗೆ ಒಂದು ಸಾದಾ ಸ್ಟೀರಿಂಗ್ ಪೂರ್ತಿಯಾಗಿ ಇದೆ: ಚಕ್ರದಿಂದ ಇಳಿಯುವ ಶಾಫ್ಟು, ಅದರ ತುದಿಗೆ ಸ್ಟೀರಿಂಗ್ ಬಾಕ್ಸು, ಬಾಕ್ಸಿನಿಂದ ಹೊರಬರುವ ಪಿಟ್‌ಮನ್ ಆರ್ಮ್, ಎಡಗಾಲಿಗೂ ಬಲಗಾಲಿಗೂ ನಡುವೆ ಅಡ್ಡಲಾಗಿ ಓಡಾಡುವ ರಿಲೇ ರಾಡು, ಅದರಿಂದ ಗಾಲಿಗಳಿಗೆ ಹೋಗುವ ಟೈ ರಾಡುಗಳು. ಇಷ್ಟೇ ಇದ್ದರೂ ಕಾರು ತಿರುಗುತ್ತದೆ. ಇದಕ್ಕೆ ಹೊರಗಿನಿಂದ ನಾಲ್ಕು ಸಾಮಾನು ಜೋಡಿಸಿದ್ದಾರೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು, ಪಿಟ್‌ಮನ್ ಆರ್ಮಿಗೂ ರಿಲೇ ರಾಡಿಗೂ ನಡುವೆ ಕೂತಿರುವ ಕಂಟ್ರೋಲ್ ವಾಲ್ವು, ಒಂದು ತುದಿ ಚಾಸಿಗೂ ಇನ್ನೊಂದು ರಿಲೇ ರಾಡಿಗೂ ಸಿಕ್ಕಿಸಿದ ಸಿಲಿಂಡರು, ಇವನ್ನೆಲ್ಲ ಕೂಡಿಸುವ ಹೋಸುಗಳು.

ವಾಲ್ವೇ ಇದರ ಜೀವಾಳ. ಅದರೊಳಗೆ ಬೆರಳು ಗಾತ್ರದ ಒಂದು ಸ್ಪೂಲು ಇದೆ, ಎರಡೂ ಕಡೆಯ ಬಲಕ್ಕೆ ನಡುವೆ ನಿಲ್ಲುವಂಥದ್ದು. ಕಾರು ನೇರ ಹೋಗುವಾಗ ಪಂಪಿನಿಂದ ಬಂದ ಎಣ್ಣೆ ವಾಲ್ವಿನ ಮೂಲಕ ಹಾದು ಸುಮ್ಮನೆ ಪಂಪಿಗೆ ಮರಳುತ್ತದೆ. ಸ್ಟೀರಿಂಗ್ ತಿರುಗಿಸಿದರೆ ಪಿಟ್‌ಮನ್ ಆರ್ಮ್ ಮೊದಲು ಸ್ಪೂಲನ್ನು ಕೂದಲೆಳೆಯಷ್ಟು ಸರಿಸುತ್ತದೆ. ಅಷ್ಟಕ್ಕೇ ಎಣ್ಣೆಯ ದಾರಿ ಬದಲಾಗಿ ಸಿಲಿಂಡರಿನ ಒಂದು ಬದಿಗೆ ನುಗ್ಗುತ್ತದೆ. ಸಿಲಿಂಡರು ರಿಲೇ ರಾಡನ್ನು ತಳ್ಳುತ್ತದೆ. ಕೈ ನಿಂತ ಕೂಡಲೇ ಸ್ಪೂಲು ನಡುವಿಗೆ ಬರುತ್ತದೆ, ನೆರವೂ ನಿಲ್ಲುತ್ತದೆ. ಡ್ರೈವರ್ ಕೇಳಿದಾಗ ಮಾತ್ರ, ಕೇಳಿದ ಕಡೆಗೆ ಮಾತ್ರ ತಳ್ಳಬೇಕು. ಒತ್ತಡ ಕಮ್ಮಿಯದಲ್ಲ, ಚದರ ಇಂಚಿಗೆ ಸಾವಿರ ಪೌಂಡಿನ ಆಸುಪಾಸು. ಟೈರಿಗೆ ನಾವು ಹಾಕಿಸುವುದು ಮೂವತ್ತು ಚಿಲ್ಲರೆ.

ಈ ಯೋಚನೆ ಕಾರ್ವೆಟ್‌ಗಿಂತ ಬಹಳ ಹಳೆಯದು. ಪಿಯರ್ಸ್ ಆ್ಯರೋ ಕಂಪನಿಯ ಟ್ರಕ್ ವಿಭಾಗದಲ್ಲಿದ್ದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1920ರ ದಶಕದಲ್ಲೇ ಕೆಲಸ ಬಿಟ್ಟು ಇದರ ಹಿಂದೆ ಬಿದ್ದ. ಭಾರದ ಲಾರಿ ತಿರುಗಿಸಲು ಡ್ರೈವರುಗಳು ಪಡುತ್ತಿದ್ದ ಪಾಡನ್ನು ಕಂಡಿದ್ದವನು. 1926ರಲ್ಲಿ ಪಿಯರ್ಸ್ ಆ್ಯರೋ ಕಾರಿಗೆ ತನ್ನ ಯಂತ್ರ ಕೂರಿಸಿ ಡೆಟ್ರಾಯಿಟ್‌ನವರಿಗೆ ತೋರಿಸಿದ. ಜನರಲ್ ಮೋಟಾರ್ಸ್ ಅವನ ಜೊತೆ ಕೆಲವು ವರ್ಷ ಕೆಲಸ ಮಾಡಿ, ಮಹಾ ಕುಸಿತದ ಕಾಲದಲ್ಲಿ ದುಬಾರಿಯಾಯಿತೆಂದು ಕೈಬಿಟ್ಟಿತು. ಎರಡನೇ ಮಹಾಯುದ್ಧದ ಸೇನಾ ವಾಹನಗಳಲ್ಲಿ ಅದಕ್ಕೆ ಮತ್ತೆ ಜೀವ ಬಂತು. ಜನ ಕೊಳ್ಳುವ ಕಾರಿನಲ್ಲಿ ಮೊದಲು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಮರುವರ್ಷ ಜನರಲ್ ಮೋಟಾರ್ಸ್‌ ಕ್ಯಾಡಿಲಾಕ್‌ಗಳಿಗೆ ತಂದಿತು. ಅದೇ ಕಂಪನಿಯ ಕಾರ್ವೆಟ್ ಕೊಳ್ಳುವವರು ಇದನ್ನು ಬೇಗ ಒಪ್ಪಲಿಲ್ಲ. 1963ರಲ್ಲಿ ಮೊದಲ ಬಾರಿಗೆ ಹೆಚ್ಚುವರಿ ಬೆಲೆಗೆ ಕೊಟ್ಟಾಗ ಸುಮಾರು ಏಳು ಜನರಲ್ಲಿ ಒಬ್ಬರು ತೆಗೆದುಕೊಂಡರು. 1977ರ ಹೊತ್ತಿಗೆ ಅದು ಕಾರಿನ ಜೊತೆಗೇ ಬರತೊಡಗಿತು.

ಪಂಪು, ಬಾಕ್ಸು ಎಲ್ಲವನ್ನೂ ಮಾಡಿದ್ದು ಡೆಟ್ರಾಯಿಟ್‌ನಿಂದ ನೂರು ಮೈಲಿ ವಾಯವ್ಯಕ್ಕಿರುವ ಸ್ಯಾಗಿನಾ ಊರಿನ ಕಾರ್ಖಾನೆಯಲ್ಲಿ. ಜನರಲ್ ಮೋಟಾರ್ಸ್‌ನ ಸ್ಯಾಗಿನಾ ಸ್ಟೀರಿಂಗ್ ಗೇರ್ ವಿಭಾಗ ಅದು. ಇವತ್ತಿಗೂ ಇಲ್ಲಿನ ಹಳೆಯ ಮೆಕ್ಯಾನಿಕ್‌ಗಳು ಪಂಪಿಗೆ ಊರಿನ ಹೆಸರಿಟ್ಟು ‘ಸ್ಯಾಗಿನಾ ಪಂಪು’ ಅನ್ನುತ್ತಾರೆ. ಆ ಮನೆತನ ಈಗ ನೆಕ್ಸ್‌ಟೀರ್ ಎಂಬ ಹೆಸರಲ್ಲಿದೆ, ಬೆಂಗಳೂರಿನಲ್ಲೂ ಅದರ ಎಂಜಿನಿಯರುಗಳು ಕೂತು ಕೆಲಸ ಮಾಡುತ್ತಾರೆ. 2002ರಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನ ನಡೆದದ್ದೂ ಡೆಟ್ರಾಯಿಟ್‌ನಲ್ಲೇ. ಆ ಊರಿನ ಸುತ್ತಮುತ್ತ ಕಾರು ಕಂಪನಿಗಳನ್ನು ನಂಬಿ ನೆಲೆಸಿದ ಕನ್ನಡದ ಮನೆಗಳು ಬಹಳ. ಸ್ಟೀರಿಂಗಿನ ಕಥೆ ಎಂದರೆ ಅವರ ಮನೆಗಳ ಅನ್ನದ ಕಥೆಯೂ ಹೌದು.

ನಮ್ಮ ಕಾರಿಗೆ ಬರುತ್ತೇನೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಹಳೆಯ ಕಾರು ಇಟ್ಟವರು ನವೆಂಬರಿನಲ್ಲಿ ಹೊದಿಕೆ ಹಾಕಿದರೆ ಏಪ್ರಿಲ್ ಮುಗಿಯುವವರೆಗೂ ತೆಗೆಯುವುದಿಲ್ಲ. ಆ ಐದಾರು ತಿಂಗಳು ಕಾರಿಗೆ ಒಳ್ಳೆಯದಲ್ಲ. ಎಣ್ಣೆಯಲ್ಲಿ ಒದ್ದೆಯಾಗಿ ಮೆತ್ತಗಿರಬೇಕಾದ ರಬ್ಬರ್ ಸೀಲುಗಳು ಒಣಗಿ ಗಡುಸಾಗುತ್ತವೆ. ಸಿಲಿಂಡರಿನಿಂದ ಹೊರಚಾಚಿದ ನುಣುಪು ರಾಡಿನ ಮೇಲೆ ತುಕ್ಕಿನ ಚುಕ್ಕಿ ಏಳುತ್ತದೆ. ವಸಂತದಲ್ಲಿ ಮೊದಲ ಬಾರಿ ಸ್ಟೀರಿಂಗ್ ತಿರುಗಿಸಿದಾಗ ಆ ಚುಕ್ಕಿ ಸೀಲಿನ ತುಟಿಯನ್ನು ಅರದ ಹಾಗೆ ಉಜ್ಜಿ ಹರಿಯುತ್ತದೆ. ಅದಕ್ಕೇ ಈಗ ನಾನು ಹೊದಿಕೆ ಹಾಕುವ ಮುನ್ನ ಆ ರಾಡು ಆದಷ್ಟೂ ಒಳಗೆ ಹೋಗುವಂತೆ ಗಾಲಿ ತಿರುಗಿಸಿ, ಹೊರಗುಳಿದ ಭಾಗಕ್ಕೆ ತೆಳ್ಳಗೆ ಗ್ರೀಸು ಸವರಿ ನಿಲ್ಲಿಸುತ್ತೇನೆ.

ಮಾವ ಬಂದ ವರ್ಷ ಹೊದಿಕೆ ತೆಗೆದಾಗ ಎಡಗಾಲಿಯ ಹಿಂದೆ ಅಂಗೈಯಗಲ ಎಣ್ಣೆಯ ಕಲೆ ಇತ್ತು. ಮೊದಲು ಅದು ಯಾವ ಎಣ್ಣೆ ಎಂದು ನೋಡಬೇಕು. ಎಂಜಿನ್ ಆಯಿಲು ಕಂದು, ಹಳೆಯದಾದರೆ ಕಪ್ಪು. ಕೂಲೆಂಟು ಹಸಿರು, ಮುಟ್ಟಿದರೆ ನೀರಿನಂತೆ. ಗೇರ್ ಆಯಿಲನ್ನು ವಾಸನೆಯಲ್ಲೇ ಗುರುತು ಹಿಡಿಯಬಹುದು. ಪವರ್ ಸ್ಟೀರಿಂಗಿನ ಎಣ್ಣೆ ತಿಳಿ ಜೇನಿನ ಬಣ್ಣ. ಹಿಂದೆ ಯಾರಾದರೂ ಆಟೋಮ್ಯಾಟಿಕ್ ಗೇರಿನ ಎಣ್ಣೆ ಹಾಕಿದ್ದರೆ ಕೆಂಪು. ನಮ್ಮದು ಜೇನಿನ ಬಣ್ಣದ್ದಿತ್ತು. ಪಂಪಿನ ಎಣ್ಣೆ ಡಬ್ಬಿಗೆ ಒಂದಿಷ್ಟು ಸುರಿದು ಓಡಿಸಿಕೊಂಡಿದ್ದೆ. ಪಂಪು ಗುರುಗುಟ್ಟತೊಡಗಿದಾಗ ಅದರದ್ದೇ ತಪ್ಪೆಂದು ಹೊಸದನ್ನು ಹಾಕಿದೆ. ಎರಡು ವಾರದಲ್ಲಿ ಹೊಸ ಪಂಪೂ ಗುರುಗುಟ್ಟಿತು.

ಮಾವ ಬಂದ ಮೊದಲ ಶನಿವಾರ ಅವರನ್ನು ಈ ಕಾರಿನಲ್ಲೇ ಕೂರಿಸಿಕೊಂಡು ಅರೋರಾದ ವೆಂಕಟೇಶ್ವರ ದೇವಸ್ಥಾನಕ್ಕೆ ಹೊರಟೆ. ಹೆಂಡತಿಯೂ ಅತ್ತೆಯೂ ಇನ್ನೊಂದು ಕಾರಿನಲ್ಲಿ ಬಂದರು. ದೊಡ್ಡ ರಸ್ತೆಯಲ್ಲಿ ಏನೂ ಗೊತ್ತಾಗಲಿಲ್ಲ, ವೇಗದಲ್ಲಿ ಸ್ಟೀರಿಂಗಿಗೆ ನೆರವು ಬೇಕಾಗುವುದೇ ಕಮ್ಮಿ. ದೇವಸ್ಥಾನದ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಲು ತಿರುಗಿಸಿದಾಗ ಒಂದು ಕ್ಷಣ ಹಗುರ, ಮರುಕ್ಷಣ ಕಲ್ಲು, ಮತ್ತೆ ಹಗುರ. ಪಂಪು ಕರುವಿನ ಹಾಗೆ ಕೂಗುತ್ತಿತ್ತು. ಮಾವ ಏನೂ ಹೇಳಲಿಲ್ಲ. ದರ್ಶನ ಮುಗಿಸಿ, ಪ್ರಸಾದ ತಿಂದು ಕೈ ಒರೆಸಿಕೊಂಡ ಮೇಲೆ, “ಆ ಪಂಪಿನ ಮುಚ್ಚಳ ತೆಗೀರಿ ನೋಡೋಣ” ಅಂದರು. ತೆಗೆದೆ. ಒಳಗಿನ ಎಣ್ಣೆ ಮಜ್ಜಿಗೆ ಕಡೆದ ಹಾಗೆ ನೊರೆನೊರೆಯಾಗಿತ್ತು.

“ಗಾಳಿ ಕುಡಿದಿದೆ” ಅಂದರು ಮಾವ. “ಎಣ್ಣೆ ಹೊರಗೆ ಹೋದ ದಾರೀಲಿ ಗಾಳಿ ಒಳಗೆ ಬಂದಿದೆ. ಪಂಪು ಏನು ಮಾಡೀತು?”

ಈ ಪಂಪಿನ ಒಳಗೆ ಒಂದು ತಿರುಗುವ ರೋಟರು, ಅದರ ಸೀಳುಗಳಲ್ಲಿ ಜಾರುವ ತೆಳು ತಗಡುಗಳು ಇರುತ್ತವೆ. ಅಂಡಾಕಾರದ ಗೋಡೆಗೆ ತಾಕುತ್ತಾ ಆ ತಗಡುಗಳು ಎಣ್ಣೆಯನ್ನು ಬಾಚಿ ನೂಕುತ್ತವೆ. ಎಣ್ಣೆಯನ್ನು ಅದುಮಿದರೆ ಕುಗ್ಗುವುದಿಲ್ಲ, ಅದಕ್ಕೇ ಒತ್ತಡ ಹುಟ್ಟುತ್ತದೆ. ಗಾಳಿ ಕುಗ್ಗುತ್ತದೆ. ನೊರೆ ಬಂದರೆ ಒತ್ತಡ ಬಂದು ಹೋಗಿ ಮಾಡುತ್ತದೆ. ಕೈಗೆ ಹಗುರ-ಭಾರ ಎಂದು ಗೊತ್ತಾಗುವುದು, ಕಿವಿಗೆ ಕೂಗಾಗಿ ಕೇಳುವುದು ಎರಡೂ ಇದೇ. ಹಾಗಾಗಿ ಪಂಪು ಕೂಗಿದರೆ ಮೊದಲು ಎಣ್ಣೆಯ ಮಟ್ಟ ನೋಡಿ, ಆಮೇಲೆ ಅದರ ಬಣ್ಣ ನೋಡಿ. ನೊರೆಯಿದ್ದರೆ ಗಾಳಿ ಸೇರಿದೆ. ಬೆಳ್ಳಿಯ ಪುಡಿಯಂತೆ ಹೊಳೆದರೆ ಮಾತ್ರ ಪಂಪೇ ಸವೆಯುತ್ತಿದೆ. ಕೂಗಿನ ಬದಲು ಕಿರುಚಿದರೆ ಅದು ಬೆಲ್ಟಿನ ಸದ್ದು. ಸ್ಟೀರಿಂಗನ್ನು ಕೊನೆ ಮುಟ್ಟಿಸಿದಾಗ ಹೊರೆ ಹೆಚ್ಚಾಗಿ, ಹಳತಾಗಿ ಗಾಜಿನಂತಾದ ಬೆಲ್ಟು ಜಾರುತ್ತದೆ. ಅದನ್ನು ಬದಲಿಸಿ ಬಿಗಿ ಮಾಡಿದರೆ ಮುಗಿಯಿತು.

ಸೋರಿಕೆ ಎಲ್ಲಿ ಎಂದು ಹುಡುಕುವುದೇ ಕಷ್ಟದ ಕೆಲಸ. ಎಣ್ಣೆ ಬಿದ್ದ ಜಾಗವನ್ನು ನೋಡಿ ಅದರ ನೇರಕ್ಕೆ ಮೇಲಿರುವುದೇ ಸೋರುತ್ತಿದೆ ಎಂದುಕೊಂಡರೆ ಈ ಕಾರಿನಲ್ಲಿ ದಾರಿ ತಪ್ಪುತ್ತೇವೆ. ರಿಲೇ ರಾಡು ಅಡ್ಡಲಾಗಿ ಉದ್ದಕ್ಕೆ ಮಲಗಿದೆ. ವಾಲ್ವಿನಲ್ಲಿ ಜಿನುಗಿದ ಎಣ್ಣೆ ಆ ರಾಡಿನ ಹೊಟ್ಟೆಯ ಕೆಳಗೆ ಹರಿದು, ಎಲ್ಲೋ ಒಂದು ತಗ್ಗು ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಓಡುವಾಗ ಗಾಳಿಯ ರಭಸಕ್ಕೆ ಇನ್ನೂ ಹಿಂದಕ್ಕೆ ಹೋಗಿ ಚಾಸಿಗೆ ಮೆತ್ತಿಕೊಳ್ಳುತ್ತದೆ. ಸೋರಬಹುದಾದ ಜಾಗಗಳೂ ಒಂದೆರಡಲ್ಲ: ಪಂಪಿನ ಶಾಫ್ಟಿನ ಸೀಲು, ಹೋಸಿನ ತುದಿಯಲ್ಲಿ ಲೋಹ ಕಚ್ಚಿ ಹಿಡಿದ ಜಾಗ, ಸಿಲಿಂಡರಿನ ರಾಡು ಹೊರಬರುವ ಬಾಯಿ, ವಾಲ್ವಿನ ಒಳಗೆ ಪಿಟ್‌ಮನ್ ಆರ್ಮಿನ ಗುಂಡು ಕೂರುವ ಕಡೆಯ ಸೀಲು. ಕೊನೆಯದು ಈ ಕಾರಿನ ಹುಟ್ಟುಗುಣ ಅನ್ನುವಷ್ಟು ಸಾಮಾನ್ಯ. ರಸ್ತೆಯ ಪ್ರತಿ ಹೊಡೆತವೂ ಆ ಗುಂಡನ್ನು ಅಲ್ಲಾಡಿಸುತ್ತದೆ, ಅದರ ಸುತ್ತ ಎಣ್ಣೆ ಇರುತ್ತದೆ.

ಮಾವ ಮಾಡಿದ ಕೆಲಸ ಇಷ್ಟು. ಇಡೀ ಭಾಗವನ್ನು ಗ್ರೀಸು ಬಿಡಿಸುವ ದ್ರಾವಣ ಹಾಕಿ ತೊಳೆದೆವು. ಬಟ್ಟೆಯಲ್ಲಿ ಒರೆಸಿ ರಾತ್ರಿಯೆಲ್ಲ ಒಣಗಲು ಬಿಟ್ಟೆವು. ಮರುದಿನ ಮೊಮ್ಮಗಳ ಪೌಡರ್ ಡಬ್ಬಿ ತಂದು ವಾಲ್ವು, ಹೋಸಿನ ಜೋಡಣೆ, ಸಿಲಿಂಡರಿನ ಬಾಯಿ ಎಲ್ಲಕ್ಕೂ ತೆಳ್ಳಗೆ ಉದುರಿಸಿದರು. ಡಿಪೊದಲ್ಲಿ ಇದೇ ಕೆಲಸಕ್ಕೆ ಸೀಮೆಸುಣ್ಣದ ಪುಡಿ ಬಳಸುತ್ತಿದ್ದರಂತೆ. ಎಂಜಿನ್ ಶುರು ಮಾಡಿ ಹೆಂಡತಿ ಒಳಗೆ ಕೂತು ನಿಧಾನಕ್ಕೆ ಎಡಕ್ಕೆ, ಬಲಕ್ಕೆ ತಿರುಗಿಸುತ್ತಾ ಹೋದಳು. ಪಕ್ಕದಲ್ಲಿ ಸ್ವಲ್ಪ ದೂರ ಕೂತು ಟಾರ್ಚ್ ಬಿಟ್ಟು ನೋಡಿದೆವು. ಎರಡು ನಿಮಿಷವಾಗಿರಲಿಲ್ಲ, ಬಿಳಿ ಪೌಡರಿನ ಮೇಲೆ ವಾಲ್ವಿನ ಗುಂಡಿನ ಬುಡದಿಂದ ಒಂದು ಒದ್ದೆ ಗೆರೆ ಮೂಡಿತು. ಎಳೆ ಎಳೆಯಾಗಿ ರಿಲೇ ರಾಡಿನ ಕೆಳಗೆ ಇಳಿಯಿತು. ನಾನು ಬದಲಿಸಿದ ಪಂಪಿನ ಸುತ್ತ ಪೌಡರು ಹಾಗೇ ಒಣಗಿ ಬೆಳ್ಳಗಿತ್ತು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಎಂಜಿನ್ ಓಡುವಾಗ ಹೋಸಿನ ಮೇಲೆ ಬೆರಳಾಡಿಸಿ ಸೋರಿಕೆ ಹುಡುಕಬೇಡಿ. ಸಾವಿರ ಪೌಂಡಿನ ಒತ್ತಡದಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕಿ ಕಂಡರೂ ಅದು ಆಪರೇಷನ್ ಬೇಕಾಗುವಂಥ ಗಾಯ. ರಟ್ಟು ಹಿಡಿದು ನೋಡಿ. ಬಿಸಿ ಎಕ್ಸಾಸ್ಟಿನ ಮೇಲೆ ಎಣ್ಣೆ ಬೀಳುತ್ತಿದ್ದರೆ ಕಾರನ್ನು ರಸ್ತೆಗಿಳಿಸಲೇಬೇಡಿ, ಅದು ಹತ್ತಿಕೊಳ್ಳುವ ವಸ್ತು. ಅಂಗಡಿಯಲ್ಲಿ ಸಿಗುವ ‘ಸೋರಿಕೆ ನಿಲ್ಲಿಸುವ’ ಬಾಟಲಿಗಳ ಬಗ್ಗೆ ನನ್ನ ಅಭಿಪ್ರಾಯ ಒಂದೇ: ಅವು ರಬ್ಬರನ್ನು ಉಬ್ಬಿಸಿ ಕೆಲವು ದಿನ ದೂಡುತ್ತವೆ, ಹರಿದ ಸೀಲನ್ನು ಹೊಲಿಯುವುದಿಲ್ಲ. ಬ್ರೇಕ್ ಆಯಿಲನ್ನಂತೂ ಎಂದಿಗೂ ಹಾಕಬಾರದು, ಇಡೀ ವ್ಯವಸ್ಥೆಯ ಸೀಲುಗಳೇ ಹಾಳಾಗುತ್ತವೆ.

ವಾಲ್ವನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಸೀಲುಗಳ ಕಿಟ್ಟು ತರಿಸಿ ಬದಲಿಸಿದೆವು. ಸ್ಪೂಲಿನ ಮೈಯನ್ನು ಮಾವ ಉಗುರಿನಿಂದ ಸವರಿ ನೋಡಿದರು. ಉಗುರಿಗೆ ಗೀರು ಸಿಕ್ಕಿದ್ದರೆ ವಾಲ್ವೇ ಬದಲಾಗಬೇಕಿತ್ತು. ಸಿಗಲಿಲ್ಲ. ಬಿಚ್ಚುವ ಮೊದಲು ಯಾವ ಹೋಸು ಎಲ್ಲಿಗೆ ಎಂದು ಬಣ್ಣದ ಟೇಪು ಸುತ್ತಿದ್ದೆ. ಸಿಲಿಂಡರಿನ ಎರಡು ಹೋಸುಗಳನ್ನು ಅದಲುಬದಲು ಮಾಡಿದರೆ ನೆರವು ತಿರುಗುಮುರುಗಾಗುತ್ತದೆ. ಎಲ್ಲ ಜೋಡಿಸಿ, ಎಂಜಿನ್ ಶುರು ಮಾಡದೆಯೇ, ಗಾಲಿ ಎತ್ತಿಟ್ಟುಕೊಂಡು ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಇಪ್ಪತ್ತು ಸಲ ತಿರುಗಿಸಿದೆ. ಡಬ್ಬಿಯಲ್ಲಿ ಗುಳ್ಳೆಗಳು ಏಳುತ್ತಿದ್ದವು, ಎಣ್ಣೆ ಇಳಿದಂತೆ ಮತ್ತೆ ತುಂಬಿಸಿದೆವು. ಗಾಳಿ ತೆಗೆಯುವ ಸರಿಯಾದ ಕ್ರಮ ಇದು. ಎಂಜಿನ್ ಓಡಿಸಿ ತೆಗೆಯ ಹೋದರೆ ಪಂಪು ಆ ಗಾಳಿಯನ್ನೂ ಎಣ್ಣೆಯನ್ನೂ ಕಡೆದು ನೊರೆ ಮಾಡಿಬಿಡುತ್ತದೆ, ಅದು ಇಳಿಯಲು ಗಂಟೆಗಟ್ಟಲೆ ಬೇಕು. ಗುಳ್ಳೆ ನಿಂತ ಮೇಲೆ ಕೀಲಿ ತಿರುಗಿಸಿದೆ. ಆಗ ಆದದ್ದನ್ನೇ ಮೊದಲಲ್ಲಿ ಹೇಳಿದ್ದು.

ಕರೆಯದೇ ಬಂದು ತಳ್ಳುವವನು, ಕರೆದಾಗ ಬಾರದವನಿಗಿಂತ ಅಪಾಯ. ಪಂಪು ಸತ್ತರೆ ಕಾರು ಭಾರವಾಗುತ್ತದೆ, ತೋಳಿಗೆ ಕೆಲಸ ಹೆಚ್ಚುತ್ತದೆ, ಆದರೂ ಡ್ರೈವರ್ ಹೇಳಿದಂತೆ ಕೇಳುತ್ತದೆ. ಸ್ಪೂಲು ನಡುವಿನಲ್ಲಿಲ್ಲದಿದ್ದರೆ ಕಾರು ರಸ್ತೆಯಲ್ಲೂ ಒಂದೇ ಕಡೆಗೆ ಎಳೆಯುತ್ತಿರುತ್ತದೆ. ಟೈರಿನ ಗಾಳಿ, ವೀಲ್ ಅಲೈನ್‌ಮೆಂಟು ಎಂದು ಜನ ಅಲೆಯುತ್ತಾರೆ. ಕಾರಣ ವಾಲ್ವಿನ ತುದಿಯಲ್ಲಿ ಒಂದು ಸಣ್ಣ ತಗಡಿನ ಮುಚ್ಚಳದ ಹಿಂದೆ ಅಡಗಿರುತ್ತದೆ. ಸ್ಪೂಲನ್ನು ಹಿಡಿದಿರುವ ನಟ್ಟು ಅದು. ಸೀಲು ಬದಲಿಸುವಾಗ ಅದನ್ನು ಬಿಚ್ಚಿದ್ದೆವು, ಮತ್ತೆ ಅಂದಾಜಿನಲ್ಲಿ ಬಿಗಿದಿದ್ದೆವು.

ಇದನ್ನು ಸಮಕ್ಕೆ ತರುವ ರೀತಿ ಷೆವ್ರೊಲೆಯವರ ಆ ಕಾಲದ ಸರ್ವಿಸ್ ಕೈಪಿಡಿಯಲ್ಲೇ ಇದೆ, ಓದಿದಾಗ ನನಗೆ ಅದರ ಜಾಣತನಕ್ಕೆ ಖುಷಿಯಾಯಿತು. ಸಿಲಿಂಡರಿನ ರಾಡನ್ನು ಚಾಸಿಯ ಬ್ರಾಕೆಟ್ಟಿನಿಂದ ಬಿಡಿಸಬೇಕು. ಈಗ ಅದು ಯಾರನ್ನೂ ತಳ್ಳದು, ಗಾಳಿಯಲ್ಲಿ ಒಂಟಿಯಾಗಿ ಚಾಚುತ್ತದೆ ಅಥವಾ ಒಳಸೇರುತ್ತದೆ. ಎಂಜಿನ್ ಶುರು ಮಾಡಿದಾಗ ನಮ್ಮದು ಒಳಸೇರಿಕೊಂಡೇ ಕೂತಿತ್ತು. ಮುಚ್ಚಳ ತೆಗೆದು ನಟ್ಟನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದೆ. ಸ್ವಲ್ಪ, ಇನ್ನೂ ಸ್ವಲ್ಪ. ರಾಡು ಅಲುಗಿತು, ಹೊರಬರತೊಡಗಿತು. ಅಲ್ಲಿ ನಿಲ್ಲಿಸಿ, ಸಾಕೆಟ್ಟಿನ ಮೇಲೆ ಮಾವ ಮಾರ್ಕರಿನಿಂದ ಗೆರೆ ಹಾಕಿದರು. ಈಗ ಉಲ್ಟಾ ತಿರುಗಿಸಿದೆ. ರಾಡು ನಿಂತಿತು, ಮತ್ತೆ ಒಳಕ್ಕೆ ಹೊರಟಿತು. ಅಲ್ಲಿ ಇನ್ನೊಂದು ಗೆರೆ. ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಎಷ್ಟು ತಿರುವೋ ಅದರ ಸರಿಯಾಗಿ ಅರ್ಧ, ಮತ್ತೆ ಗಡಿಯಾರದ ದಿಕ್ಕಿಗೆ. ಅಷ್ಟೇ.

ಎರಡು ಗೆರೆಗಳ ನಡುವಿನ ಅಂತರ ಬೆರಳ ಅಗಲವೂ ಇರಲಿಲ್ಲ. ಅದರ ಅರ್ಧವನ್ನು ತಿರುಗಿಸುವಾಗ ನನ್ನ ಕೈ ಬೆವರಿತ್ತು. “ಜಾಸ್ತಿ ಸಲ ಆ ಕಡೆ ಈ ಕಡೆ ಆಡಿಸಬೇಡಿ, ಒಂದೇ ಏಟಿಗೆ ನಿಲ್ಲಿಸಿ” ಅಂದರು ಮಾವ. ಕೈಪಿಡಿಯೂ ಅದನ್ನೇ ಹೇಳುತ್ತದೆ. ರಾಡು ಹೊರಕ್ಕೂ ಬರದೆ ಒಳಕ್ಕೂ ಹೋಗದೆ ನಿಂತಿತು. ಎಂಜಿನ್ ಓಡುತ್ತಲೇ ಇತ್ತು. ಸಿಲಿಂಡರಿನ ಎರಡೂ ಬದಿಯ ಎಣ್ಣೆ ಸಮನಾಗಿ ಒತ್ತುತ್ತಿದೆ ಎಂಬುದಕ್ಕೆ ಆ ನಿಂತ ರಾಡೇ ಸಾಕ್ಷಿ. ಎಂಜಿನ್ ಆಫ್ ಮಾಡಿ, ರಾಡನ್ನು ಬ್ರಾಕೆಟ್ಟಿಗೆ ಕೂರಿಸಿ, ಹೊಸ ಮುಚ್ಚಳ ತಟ್ಟಿ, ಮತ್ತೆ ಕೀಲಿ ತಿರುಗಿಸಿದೆವು. ಸ್ಟೀರಿಂಗ್ ಅಲ್ಲಾಡಲಿಲ್ಲ. ಮಾವ ಒಂದೇ ಬೆರಳಿನಿಂದ ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಎರಡೂ ಕಡೆ ಒಂದೇ ಹಗುರ.

ಇಷ್ಟಾದರೂ ಕೆಲವು ದೂರುಗಳು ಉಳಿಯಬಹುದು. ಸ್ಟೀರಿಂಗ್ ಎರಡು ಬೆರಳು ತಿರುಗಿದರೂ ಗಾಲಿ ಅಲುಗದೆ ಇರುವುದು, ನೇರ ರಸ್ತೆಯಲ್ಲಿ ಕಾರು ಅತ್ತಿತ್ತ ಹೊಯ್ದಾಡುವುದು. ಇವು ಹೆಗಲು ಕೊಡುವವನ ತಪ್ಪಲ್ಲ, ಗಾಡಿಯದೇ ತಪ್ಪು. ಇದನ್ನು ಬೇರ್ಪಡಿಸುವುದು ಬಹಳ ಸುಲಭ: ಎಂಜಿನ್ ಆಫ್ ಇಟ್ಟರೆ ನೆರವು ಮಲಗಿರುತ್ತದೆ. ಗಾಲಿ ಎತ್ತಿಟ್ಟು ಕೈಯಲ್ಲೇ ತಿರುಗಿಸಿ. ಎಣ್ಣೆ ಸರಿಯುವ ಒಂದಿಷ್ಟು ತಡೆ ಬಿಟ್ಟರೆ ಒಂದೇ ಸಮ ತಿರುಗಬೇಕು. ನಡುವೆ ಎಲ್ಲಾದರೂ ಹಿಡಿದರೆ ಬಾಕ್ಸಿನಲ್ಲೋ ಬಾಲ್ ಜಾಯಿಂಟಿನಲ್ಲೋ ತೊಡಕಿದೆ. ಗಾಡಿಯನ್ನು ನೆಲಕ್ಕಿಳಿಸಿ, ಒಬ್ಬರು ಸ್ಟೀರಿಂಗನ್ನು ಸಣ್ಣಗೆ ಅತ್ತಿತ್ತ ಆಡಿಸುತ್ತಿರಲಿ, ಇನ್ನೊಬ್ಬರು ಮೇಲಿನಿಂದ ಕೆಳಕ್ಕೆ ಒಂದೊಂದೇ ಕೀಲನ್ನು ನೋಡಲಿ. ಶಾಫ್ಟಿಗೂ ಬಾಕ್ಸಿಗೂ ನಡುವಿನ ರಬ್ಬರ್ ಬಿಲ್ಲೆ, ಬಲಗಡೆ ರಿಲೇ ರಾಡನ್ನು ಹೊತ್ತಿರುವ ಐಡ್ಲರ್ ಆರ್ಮ್, ಟೈ ರಾಡಿನ ತುದಿಗಳು. ಎಲ್ಲಿ ಒಂದು ಭಾಗ ಅಲುಗಿ ಮುಂದಿನದು ಅಲುಗುವುದಿಲ್ಲವೋ ಅಲ್ಲೇ ಸವೆದಿದೆ.

ಬಾಕ್ಸಿನ ಮೇಲೆ ಒಂದು ಸ್ಕ್ರೂ ಕಾಣುತ್ತದೆ. ಸ್ಟೀರಿಂಗಿನ ಸಡಿಲು, ಅಂದರೆ ಪ್ಲೇ, ಜಾಸ್ತಿ ಎಂದು ಅದನ್ನು ಬಿಗಿ ಮಾಡುವ ಆಸೆ ಎಲ್ಲರಿಗೂ ಆಗುತ್ತದೆ. ದಯವಿಟ್ಟು ಮಾಡಬೇಡಿ. ಸವೆದ ಟೈ ರಾಡಿನ ಪ್ಲೇಯನ್ನು ಬಾಕ್ಸಿನ ಸ್ಕ್ರೂವಿನಿಂದ ಮುಚ್ಚಲು ಹೋದರೆ ಒಳಗಿನ ಹಲ್ಲುಗಳು ಒತ್ತಿ ಸವೆಯುತ್ತವೆ, ತಿರುವಿನಿಂದ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ನಿಲ್ಲುತ್ತದೆ. ಉಳಿದ ಕೀಲುಗಳೆಲ್ಲ ಸ್ವಸ್ಥ ಎಂದು ಖಾತ್ರಿಯಾದ ಮೇಲೆ, ಲೆಕ್ಕ ಗೊತ್ತಿರುವವರು ಮುಟ್ಟಬೇಕಾದ ಸ್ಕ್ರೂ ಅದು.

ಈ ಹಳೆಯ ಏರ್ಪಾಡನ್ನೇ ಕಿತ್ತು ಹಾಕಿ, ನೆರವು ಒಳಗೇ ಅಡಕವಾದ ಹೊಸ ಬಾಕ್ಸು ಕೂರಿಸುವವರು ಇಲ್ಲಿ ಬಹಳ ಇದ್ದಾರೆ. ವಾಲ್ವೂ ಇಲ್ಲ, ಸಿಲಿಂಡರೂ ಇಲ್ಲ, ಸೋರುವ ಜಾಗಗಳೇ ಕಮ್ಮಿ. ದಿನಾ ಓಡಿಸುವವರು ಹಾಗೆ ಮಾಡಿದರೆ ನಾನು ತಪ್ಪು ಅನ್ನಲಾರೆ. ಆದರೆ 1973ರಲ್ಲಿ ಇದೇ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ ಶುರುವಾದ ಬ್ಲೂಮಿಂಗ್ಟನ್ ಗೋಲ್ಡ್ ಪ್ರದರ್ಶನದಂಥ ಕಡೆ ಕಾರನ್ನು ತೂಗುವುದು ಅದು ಕಾರ್ಖಾನೆಯಿಂದ ಹೇಗೆ ಬಂತೋ ಹಾಗೆ ಉಳಿದಿದೆಯೇ ಎಂಬುದರಿಂದ. ಬಹುಮಾನದ ಮಾತು ಬಿಡಿ. ನನಗೆ ಈ ಏರ್ಪಾಡು ಇಷ್ಟವಾಗಲು ಕಾರಣ, ಇದರ ಪ್ರತಿ ಭಾಗವನ್ನೂ ನೆಲದಲ್ಲಿ ಮಲಗಿ ಕಣ್ಣಾರೆ ನೋಡಬಹುದು. ಎಣ್ಣೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಬೆರಳಿಟ್ಟು ತೋರಿಸಬಹುದು. ದಾವಣಗೆರೆಯ ಡಿಪೊದಲ್ಲಿ ಬಸ್ಸು ಬಿಚ್ಚಿದವರು ಜೀವಮಾನದಲ್ಲಿ ನೋಡದ ಕಾರಿನ ಅಡಿಗೆ ಇಳಿದು, ಅರ್ಧ ಗಂಟೆಯಲ್ಲಿ ಅದನ್ನು ಓದಿಬಿಟ್ಟರು. ಮುಚ್ಚಿದ ಡಬ್ಬಿಯಾಗಿದ್ದರೆ ಅದು ಆಗುತ್ತಿರಲಿಲ್ಲ.

ಆ ರಾತ್ರಿ ಕಾರಿನ ಅಡಿಗೆ ಒಂದು ದೊಡ್ಡ ರಟ್ಟು ಹಾಸಿದೆವು, ಫ್ರಿಜ್ಜಿನ ಪೆಟ್ಟಿಗೆ ಕತ್ತರಿಸಿದ್ದು. ಗಾಲಿ, ವಾಲ್ವು, ಪಂಪು ಎಲ್ಲೆಲ್ಲಿ ಬರುತ್ತವೆ ಎಂದು ಮಾವ ಅದರ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಕನ್ನಡದಲ್ಲಿ ಹೆಸರು ಬರೆದಿಟ್ಟರು. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಹೋಗಿ ಬಗ್ಗಿ ನೋಡಿದರು. ಹಿಂದಿನ ದಿನ ಒರೆಸುವಾಗ ಉಳಿದಿದ್ದ ಎರಡು ಹನಿ ಬಿದ್ದಿದ್ದವು. ಅವಕ್ಕೆ ಸುತ್ತ ಗೆರೆ ಎಳೆದು ತಾರೀಕು ಹಾಕಿದರು. ಮೂರನೆಯ ದಿನವೂ ಆ ಎರಡೇ ಇದ್ದವು.

ಸೆಪ್ಟೆಂಬರಿನಲ್ಲಿ ಮಾವ ಊರಿಗೆ ಹೊರಟರು. ಭಾನುವಾರ ಬೆಳಿಗ್ಗೆ ಫೋನು ಮಾಡಿದರೆ ಮಗಳ ಹತ್ತಿರ, ಮೊಮ್ಮಗಳ ಹತ್ತಿರ ಮಾತಾಡಿ ಕೊನೆಗೆ ನನಗೆ ಕೊಡಿಸುತ್ತಾರೆ. ಇಲ್ಲಿ ಹಿಮ ಬಿದ್ದಿದೆಯಾ ಎಂದು ಕೇಳುತ್ತಾರೆ, ದಾವಣಗೆರೆಯಲ್ಲಿ ಸೆಕೆ ಎನ್ನುತ್ತಾರೆ. ಆಮೇಲೆ ದನಿ ಸ್ವಲ್ಪ ತಗ್ಗಿಸಿ, “ಅಳಿಯಂದ್ರೇ, ರಟ್ಟು ನೋಡಿದ್ರಾ?” ಎಂದು ಕೇಳುತ್ತಾರೆ.

ನೋಡಿರುತ್ತೇನೆ. “ಒಣಗೇ ಇದೆ ಮಾವ” ಅನ್ನುತ್ತೇನೆ.